ಹೃದಯದ ರಕ್ತನಾಳಗಳ ಚಿತ್ರ: ಯಾರಿಗೆ ಬೇಕು, ಯಾವಾಗ ಬೇಕು?

ಆಲೂರಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. 2025ರ ಜೂನ್ ತಿಂಗಳಿನಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ಹೃದಯಾಘಾತದ ಸಾವುಗಳ ಸುದ್ದಿಯಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡದ್ದು ನಿಮಗೆಲ್ಲ ನೆನಪಿದೆ. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಜುಲೈನಲ್ಲಿ ವರದಿ ಕೊಟ್ಟು, ಅಸಹಜವೆನ್ನುವಂಥ ಏರಿಕೆ ಕಂಡುಬಂದಿಲ್ಲ ಎಂದು ತಿಳಿಸಿತಾದರೂ, ಅಷ್ಟರೊಳಗೆ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಾಗಿತ್ತು. ಆ ಭಯ ಇನ್ನೂ ಪೂರ್ತಿ ಇಳಿದಿಲ್ಲ. ಮದುವೆ ಮನೆಯಲ್ಲಿ, ಸಹಕಾರ ಸಂಘದ ಮುಂದೆ, ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿಯೂ ‘ನೀವು ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ) ಮಾಡಿಸಿದಿರಾ’ ಎಂದು ಒಬ್ಬರನ್ನೊಬ್ಬರು ಕೇಳುವುದು ವಾಡಿಕೆಯಾಗಿಬಿಟ್ಟಿದೆ.

ನನ್ನ ಪ್ರಶ್ನೆ ಮನೆಯ ಇಬ್ಬರಿಗೆ ಸಂಬಂಧಿಸಿದ್ದು. ಮೊದಲನೆಯವರು ನಮ್ಮ ಅತ್ತೆ. ಅವರಿಗೆ ಅರವತ್ತು ದಾಟಿದೆ, ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದೆ. ಈಚೆಗೆ ತೋಟದ ಏರು ಹತ್ತುವಾಗ ಎದೆ ಹಿಡಿದುಕೊಂಡಂತಾಗುತ್ತದೆ, ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತದೆ. ಕುಳಿತಿರುವಾಗ ಏನೂ ಇಲ್ಲ. ಇಸಿಜಿ ಮತ್ತು ಇಕೋ ಚೆನ್ನಾಗಿವೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಪರೀಕ್ಷೆಯ ವರದಿಯಲ್ಲಿ ಮಾತ್ರ ಸಣ್ಣ ವ್ಯತ್ಯಾಸವಿದೆ ಎಂದು ಬರೆದಿದ್ದಾರೆ. ಒಬ್ಬ ವೈದ್ಯರು ಸಿಟಿ ಸ್ಕ್ಯಾನ್‌ನಲ್ಲಿಯೇ ಆಂಜಿಯೋಗ್ರಾಂ ಮಾಡಿಸಿ ಎಂದರು, ಇನ್ನೊಬ್ಬರು ನೇರವಾಗಿ ಕೈಯ ನಾಳದ ಮೂಲಕ ಮಾಡುವ ಆಂಜಿಯೋಗ್ರಾಂಗೆ ದಾಖಲಾಗಿ ಎಂದರು. ಎರಡನೆಯವನು ನನ್ನ ತಮ್ಮ. ಇನ್ನೂ ನಲವತ್ತಾಗಿಲ್ಲ, ಯಾವ ತೊಂದರೆಯೂ ಇಲ್ಲ, ಆದರೆ ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತಾನೆ. ಗೆಳೆಯನೊಬ್ಬ ತೀರಿಕೊಂಡ ಮೇಲೆ ತನಗೂ ಹೃದಯದ ಸ್ಕ್ಯಾನ್ ಆಗಲೇಬೇಕೆಂದು ಹಟ ಹಿಡಿದಿದ್ದಾನೆ. ಈ ಎರಡು ಪರೀಕ್ಷೆಗಳಲ್ಲಿ ನಿಜವಾಗಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿದವರು ವಿವರಿಸಿದರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಮೂಡಿಗೆರೆಯ ಬೆಳೆಗಾರ

ಮೇಡಂ, ನಮ್ಮ ತಂದೆಯವರಿಗೆ ನೇರವಾಗಿ ಕೈಯಿಂದಲೇ ಆಂಜಿಯೋಗ್ರಾಂ ಮಾಡಿಸಿದೆವು, ಎರಡು ಕಡೆ ಬ್ಲಾಕ್ ಸಿಕ್ಕಿತು, ಅದೇ ಟೇಬಲ್ ಮೇಲೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿ ಮೂರನೆಯ ದಿನ ಮನೆಗೆ ಕಳುಹಿಸಿದರು. ಸಿಟಿಯಲ್ಲಿ ಬ್ಲಾಕ್ ಕಂಡರೆ ಮತ್ತೆ ನಾಳಕ್ಕೆ ಕೊಳವೆ ತೂರಿಸುವ ಕೋಣೆಯಾದ ಕ್ಯಾಥ್‌ಲ್ಯಾಬ್‌ಗೆ ಹೋಗಲೇಬೇಕಲ್ಲ? ಎರಡು ಸಲ ಡೈ (ನಾಳವನ್ನು ಚಿತ್ರದಲ್ಲಿ ಕಾಣಿಸುವ ದ್ರವ), ಎರಡು ಸಲ ಖರ್ಚು, ನಮ್ಮಂಥ ದೂರದವರಿಗೆ ಎರಡು ಸಲ ಪ್ರಯಾಣ. ಒಂದೇ ಸಲಕ್ಕೆ ಮುಗಿಸಿಕೊಳ್ಳುವುದು ಲೇಸೆಂದು ನನ್ನ ಅನುಭವ ಹೇಳುತ್ತದೆ.

ಸಿಟಿ ವಿಭಾಗದ ತಂತ್ರಜ್ಞೆ, ಹಾಸನ

ಶಿಕ್ಷಕಿಯವರಿಗೆ ನಮಸ್ಕಾರ. ನಾನು ವೈದ್ಯೆಯಲ್ಲ, ಸ್ಕ್ಯಾನ್ ಯಂತ್ರದ ಬಳಿ ಕೆಲಸ ಮಾಡುವವಳು. ನಿಮ್ಮ ಅತ್ತೆಯವರಿಗೆ ಯಾವುದು ಆಗಬೇಕೆಂಬುದನ್ನು ಅವರನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಆದರೆ ಸಿಟಿ ಕೊರೊನರಿ ಆಂಜಿಯೋಗ್ರಾಂ ಹೇಗೆ ನಡೆಯುತ್ತದೆ ಎಂಬುದನ್ನು ದಿನವೂ ನೋಡುವವಳಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕೊರೊನರಿ ನಾಳಗಳ ವ್ಯಾಸ ಸುಮಾರು ಮೂರರಿಂದ ನಾಲ್ಕು ಮಿಲಿಮೀಟರ್ ಮಾತ್ರ, ಅದೂ ಕ್ಷಣಕ್ಷಣಕ್ಕೂ ಮಿಡಿಯುವ ಅಂಗದ ಮೇಲೆ ಹಬ್ಬಿಕೊಂಡಿರುವಂಥವು. ಆದ್ದರಿಂದ ನಮ್ಮ ಕೆಲಸದಲ್ಲಿ ಅರ್ಧ ಭಾಗ ಚಿತ್ರ ತೆಗೆಯುವುದಲ್ಲ, ಹೃದಯದ ಬಡಿತವನ್ನು ಇಳಿಸುವುದು. ನಿಮಿಷಕ್ಕೆ ಅರವತ್ತರ ಆಸುಪಾಸಿಗೆ ಬಂದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ ಮೆಟೊಪ್ರೊಲಾಲ್ ಮಾತ್ರೆ ಕೊಡುತ್ತಾರೆ. ಆಸ್ತಮಾ ಇರುವವರಿಗೆ ವೈದ್ಯರು ಬೇರೆ ಔಷಧ ನೋಡುತ್ತಾರೆ. ನಾಳಗಳು ಚೆನ್ನಾಗಿ ಹಿಗ್ಗಲೆಂದು ನಾಲಿಗೆಯ ಕೆಳಗೆ ನೈಟ್ರೊಗ್ಲಿಸರಿನ್ ಇಡುತ್ತೇವೆ. ಮೊಣಕೈಯ ಮಡಿಕೆಯಲ್ಲಿ ದಪ್ಪ ಸೂಜಿಯ ಕ್ಯಾನುಲಾ ಹಾಕಿ, ಯಂತ್ರದ ಮೂಲಕ ಸೆಕೆಂಡಿಗೆ ಸುಮಾರು ಐದು ಮಿಲಿಲೀಟರ್ ವೇಗದಲ್ಲಿ ಅಯೋಡಿನ್ ಇರುವ ಡೈ ಬಿಡುತ್ತೇವೆ. ಆಗ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಹರಿದಂತಾಗುತ್ತದೆ, ಮೂತ್ರ ಹೋಯಿತೇನೋ ಎಂದು ಅನೇಕರು ಗಾಬರಿಯಾಗುತ್ತಾರೆ. ನಿಜವಾಗಿ ಏನೂ ಆಗಿರುವುದಿಲ್ಲ, ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ನಾವು ಹೇಳಿದಾಗ ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಬೇಕು. ಎದೆಗೆ ಅಂಟಿಸಿದ ಇಸಿಜಿ ತಂತಿಗಳ ಸಂಜ್ಞೆಯನ್ನು ಅನುಸರಿಸಿ, ಹೃದಯ ಎರಡು ಬಡಿತಗಳ ನಡುವೆ ಅತಿ ಕಡಿಮೆ ಅಲುಗಾಡುವ ಕ್ಷಣವನ್ನು ಯಂತ್ರವೇ ಆರಿಸಿಕೊಳ್ಳುತ್ತದೆ.

ಈ ಚಿತ್ರದ ದೊಡ್ಡ ಬಲವೆಂದರೆ ‘ಇಲ್ಲ’ ಎನ್ನುವುದನ್ನು ಧೈರ್ಯವಾಗಿ ಹೇಳಬಲ್ಲದು. ಚೆನ್ನಾಗಿ ಮೂಡಿದ ಸಿಟಿಯಲ್ಲಿ ನಾಳಗಳು ಶುದ್ಧವಾಗಿ ಕಂಡರೆ, ನಡೆಯುವಾಗ ಬರುವ ಎದೆನೋವಿಗೆ ದೊಡ್ಡ ನಾಳದ ಅಡಚಣೆ ಕಾರಣವಾಗಿರುವ ಸಾಧ್ಯತೆ ಬಹಳ ಕಡಿಮೆ. ಇನ್ನೊಂದು ಬಲವೆಂದರೆ ನಾಳದ ಗೋಡೆಯೂ ಇದರಲ್ಲಿ ಕಾಣುತ್ತದೆ; ರಕ್ತ ಹರಿಯುವ ದಾರಿ ಕಿರಿದಾಗದಿದ್ದರೂ ಗೋಡೆಯೊಳಗೆ ಕೂಡಿಕೊಂಡ ಕೊಬ್ಬಿನ ಪದರವನ್ನು ಗುರುತಿಸಬಹುದು. ಇದರ ದೌರ್ಬಲ್ಯ ಸುಣ್ಣ. ನಾಳದಲ್ಲಿ ಕ್ಯಾಲ್ಸಿಯಂ ಹೆಚ್ಚು ಗಟ್ಟಿಯಾಗಿ ಕೂತಿದ್ದರೆ ಅದು ಚಿತ್ರದಲ್ಲಿ ಇರುವುದಕ್ಕಿಂತ ದಪ್ಪವಾಗಿ ಹೊಳೆದು, ಪಕ್ಕದ ದಾರಿಯನ್ನು ಮರೆಮಾಡುತ್ತದೆ, ಸಣ್ಣ ಅಡಚಣೆಯೂ ದೊಡ್ಡದಾಗಿ ಕಾಣುತ್ತದೆ. ವಯಸ್ಸಾದ ಸಕ್ಕರೆ ಕಾಯಿಲೆಯವರಲ್ಲಿ ಈ ತೊಂದರೆ ಹೆಚ್ಚು, ಆದ್ದರಿಂದ ಅತ್ತೆಯವರ ವಿಷಯದಲ್ಲಿ ಇದನ್ನು ವೈದ್ಯರ ಬಳಿ ಕೇಳಲೇಬೇಕು. ಬಡಿತ ಏರುಪೇರಾಗಿರುವವರಲ್ಲಿ ಮತ್ತು ಹಳೆಯ ಸಣ್ಣ ಸ್ಟೆಂಟ್ ಇರುವವರಲ್ಲಿಯೂ ಚಿತ್ರ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ.

ಕ್ಯಾಥ್‌ಲ್ಯಾಬ್ ತಂತ್ರಜ್ಞ, ಹಾಸನ

ಬೆಳೆಗಾರರು ಹೇಳಿದ ‘ಒಂದೇ ಸಲಕ್ಕೆ’ ಎಂಬ ಮಾತು ನಮ್ಮ ಬಾಗಿಲಿನಲ್ಲಿ ಪ್ರತಿದಿನ ಕೇಳಿಬರುತ್ತದೆ. ಅದರಲ್ಲಿ ಸತ್ಯವಿದೆ, ಆದರೆ ಎಲ್ಲರಿಗೂ ಹೊಂದುವ ಸತ್ಯವಲ್ಲ. ಹೃದಯಾಘಾತವೇ ಆಗಿದ್ದರೆ, ವಿಶ್ರಾಂತಿಯಲ್ಲಿಯೂ ನೋವು ಬರುತ್ತಿದ್ದರೆ, ಮಾತ್ರೆ ತೆಗೆದುಕೊಂಡರೂ ನೋವು ಹೆಚ್ಚುತ್ತಿದ್ದರೆ, ಟಿಎಂಟಿಯಲ್ಲಿ ಮೊದಲ ಹಂತದಲ್ಲಿಯೇ ದೊಡ್ಡ ವ್ಯತ್ಯಾಸ ಕಂಡು ರಕ್ತದೊತ್ತಡ ಕುಸಿದಿದ್ದರೆ ಅಂಥವರು ಸಿಟಿಗಾಗಿ ಕಾಯಬಾರದು, ನೇರವಾಗಿ ಕ್ಯಾಥ್‌ಲ್ಯಾಬ್‌ಗೆ ಬರುವುದೇ ಸರಿ. ಶ್ರಮಪಟ್ಟಾಗ ಮಾತ್ರ ಬರುವ, ಏರದೆ ಒಂದೇ ಮಟ್ಟದಲ್ಲಿರುವ ನೋವಿನವರ ಲೆಕ್ಕ ಬೇರೆ.

2022ರಲ್ಲಿ ಪ್ರಕಟವಾದ ಡಿಸ್‌ಚಾರ್ಜ್ ಎಂಬ ಯುರೋಪಿನ ಅಧ್ಯಯನದಲ್ಲಿ ಇಂಥ ಸ್ಥಿರ ಎದೆನೋವಿನ 3,561 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲು ಸಿಟಿ, ಇನ್ನೊಂದಕ್ಕೆ ನೇರವಾಗಿ ನಾಳದೊಳಗೆ ತೆಳು ಕೊಳವೆ ತೂರಿಸುವ ಕ್ಯಾಥೆಟರ್ ಆಂಜಿಯೋಗ್ರಾಂ ಮಾಡಿ ಹಲವು ವರ್ಷ ಗಮನಿಸಿದರು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವುಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪರೀಕ್ಷೆ ಮತ್ತು ಚಿಕಿತ್ಸೆಯ ವಿಧಾನಗಳಿಂದಲೇ ಉಂಟಾದ ದೊಡ್ಡ ತೊಂದರೆಗಳು ಮಾತ್ರ ಸಿಟಿ ಗುಂಪಿನಲ್ಲಿ ಶೇಕಡ 0.5, ಕ್ಯಾಥೆಟರ್ ಗುಂಪಿನಲ್ಲಿ ಶೇಕಡ 1.9 ಇದ್ದವು. ಬಹಳ ಜನರಿಗೆ ಕ್ಯಾಥ್‌ಲ್ಯಾಬ್‌ನ ಅಗತ್ಯವೇ ಬೀಳುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಎರಡು ಸಲದ ಖರ್ಚು ಬೀಳುವುದು ಅಡಚಣೆ ಕಂಡವರಿಗೆ ಮಾತ್ರ.

ಭಯಪಡುವವರಿಗಾಗಿ ನಮ್ಮ ಕಡೆಯ ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಈಗ ಬಹುತೇಕ ಮಣಿಕಟ್ಟಿನ ನಾಳದಿಂದಲೇ ಮಾಡುತ್ತಾರೆ; ಕೆನಡಾದ ಲೂಸಿಯನ್ ಕಾಂಪೊ ಎಂಬ ವೈದ್ಯರು ಈ ದಾರಿಯನ್ನು 1989ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ತೊಡೆಯ ಸಂದಿನ ನಾಳವೇ ವಾಡಿಕೆಯಾಗಿತ್ತು, ರಕ್ತಸ್ರಾವದ ಭಯದಿಂದ ಕಾಲು ಮಡಿಸದೆ ಗಂಟೆಗಟ್ಟಲೆ ಮಲಗಬೇಕಾಗುತ್ತಿತ್ತು. ಮಣಿಕಟ್ಟಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸುಮಾರು ಎರಡು ಮಿಲಿಮೀಟರ್ ದಪ್ಪದ ಕ್ಯಾಥೆಟರ್ ಅನ್ನು ಮೇಲಕ್ಕೆ ಸಾಗಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಡೈ ಬಿಟ್ಟ ಕೂಡಲೇ ಪರದೆಯ ಮೇಲೆ ನಾಳ ಕಪ್ಪು ಕವಲುಗಳಾಗಿ ಮೂಡಿ, ಎರಡು ಮೂರು ಬಡಿತಗಳಲ್ಲಿ ಮಾಯವಾಗುತ್ತದೆ. ಅಷ್ಟರಲ್ಲಿ ಬೇರೆ ಬೇರೆ ಕೋನಗಳಿಂದ ಚಲಿಸುವ ಚಿತ್ರವನ್ನು ಹಿಡಿಯಬೇಕು, ಏಕೆಂದರೆ ಒಂದು ಕಡೆಯಿಂದ ಅಗಲವಾಗಿ ಕಂಡ ನಾಳ ಇನ್ನೊಂದು ಕಡೆಯಿಂದ ನೋಡಿದಾಗ ಕಿರಿದಾಗಿರಬಹುದು. ಮುಗಿದ ಮೇಲೆ ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿ, ಗಾಳಿಯನ್ನು ಹಂತಹಂತವಾಗಿ ಇಳಿಸುತ್ತೇವೆ. ಜೀವಕ್ಕೆ ಅಪಾಯವಾಗುವ ಸಾಧ್ಯತೆ ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ.

ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು

ಇಬ್ಬರು ತಂತ್ರಜ್ಞರೂ ಬಹಳ ಉಪಯುಕ್ತವಾದ ವಿವರ ಕೊಟ್ಟಿದ್ದಾರೆ. ಈ ಚಿತ್ರಗಳು ನಮಗೆ ದಕ್ಕಿದ ದಾರಿಯನ್ನು ಸ್ವಲ್ಪ ಹೇಳಿದರೆ ಅವುಗಳ ಮಿತಿಯೂ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. 1929ರಲ್ಲಿ ಜರ್ಮನಿಯ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ, ಮೇಲಿನವರು ಬೇಡವೆಂದರೂ ಕೇಳದೆ, ತನ್ನದೇ ತೋಳಿನ ರಕ್ತನಾಳದ ಮೂಲಕ ಮೂತ್ರನಾಳಕ್ಕೆ ಬಳಸುವ ಸಣ್ಣ ಕೊಳವೆಯನ್ನು ಹೃದಯದವರೆಗೆ ತೂರಿಸಿಕೊಂಡು, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿದರು. ಅದಕ್ಕೆ ನೊಬೆಲ್ ಬಹುಮಾನ ಬಂದದ್ದು 1956ರಲ್ಲಿ, ಇನ್ನಿಬ್ಬರೊಂದಿಗೆ ಹಂಚಿಕೊಂಡು. ಆದರೂ ಕೊರೊನರಿ ನಾಳದೊಳಕ್ಕೇ ಡೈ ಬಿಟ್ಟರೆ ಹೃದಯ ನಿಂತುಹೋಗುತ್ತದೆ ಎಂಬ ನಂಬಿಕೆ ವೈದ್ಯಲೋಕದಲ್ಲಿ ಬಲವಾಗಿತ್ತು. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅವರು ಮಹಾಪಧಮನಿಯ ಚಿತ್ರ ತೆಗೆಯುತ್ತಿದ್ದಾಗ ಕ್ಯಾಥೆಟರಿನ ತುದಿ ಜಾರಿ ಬಲ ಕೊರೊನರಿ ನಾಳದೊಳಗೆ ಹೊಕ್ಕು, ಡೈ ಪೂರ್ತಿ ಅಲ್ಲಿಗೇ ಹೋಯಿತು. ರೋಗಿಯ ಹೃದಯ ಕೆಲವು ಕ್ಷಣ ನಿಂತಿತು. ಕೆಮ್ಮಿರಿ ಎಂದು ಸೋನ್ಸ್ ಕೂಗಿದರು, ರೋಗಿ ಕೆಮ್ಮಿದರು, ಬಡಿತ ಮರಳಿತು. ಒಂದೊಂದು ಕೊರೊನರಿ ನಾಳಕ್ಕೂ ಪ್ರತ್ಯೇಕವಾಗಿ ಡೈ ಬಿಟ್ಟು ನೋಡುವ ವಿಧಾನ ಹುಟ್ಟಿದ್ದು ಹಾಗೆ. 1977ರ ಸೆಪ್ಟೆಂಬರಿನಲ್ಲಿ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅದೇ ದಾರಿಯಲ್ಲಿ ಬಲೂನ್ ಕಳುಹಿಸಿ ಅಡಚಣೆಯನ್ನು ಅಗಲಿಸಿದರು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಸೋನ್ಸ್ ಅವರ ಕಾಲದಿಂದ ಇಂದಿನವರೆಗೂ ಕ್ಯಾಥೆಟರ್ ಆಂಜಿಯೋಗ್ರಾಂ ತೋರಿಸುವುದು ಡೈ ಹರಿದ ದಾರಿಯ ಆಕಾರವನ್ನು ಮಾತ್ರ, ನಾಳದ ಗೋಡೆಯನ್ನಲ್ಲ. ಕೊಬ್ಬಿನ ಪದರ ಬೆಳೆಯುವಾಗ ನಾಳ ಮೊದಮೊದಲು ಹೊರಮುಖವಾಗಿ ಹಿಗ್ಗಿ ದಾರಿಯನ್ನು ಉಳಿಸಿಕೊಳ್ಳುತ್ತದೆ, ಆದ್ದರಿಂದ ಗೋಡೆ ಸಾಕಷ್ಟು ಕೆಟ್ಟಿದ್ದರೂ ದಾರಿ ನೆಟ್ಟಗೆ ಕಾಣಬಹುದು. ಹೃದಯಾಘಾತ ಸಾಮಾನ್ಯವಾಗಿ ಆಗುವುದು ನಾಳ ನಿಧಾನವಾಗಿ ಕಿರಿದಾಗುತ್ತಾ ಮುಚ್ಚಿಹೋಗುವುದರಿಂದಲ್ಲ. ಮೃದುವಾದ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದರಿಂದ. ಹಾಗೆ ಒಡೆಯುವ ಪದರಗಳಲ್ಲಿ ಅನೇಕವು ಅದಕ್ಕೂ ಮೊದಲು ಅರ್ಧದಷ್ಟೂ ಅಡಚಣೆ ಮಾಡದೆ ಇದ್ದಂಥವು. ನಿನ್ನೆ ಟಿಎಂಟಿ ಚೆನ್ನಾಗಿತ್ತು, ಇಂದು ಹೃದಯಾಘಾತವಾಯಿತು ಎಂದು ಹಾಸನದ ಸುದ್ದಿಗಳ ಸಮಯದಲ್ಲಿ ಜನ ಆಶ್ಚರ್ಯಪಡುತ್ತಿದ್ದರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಟಿಎಂಟಿ ಹುಡುಕುವುದು ಹರಿವಿನ ಕೊರತೆಯನ್ನು, ಒಡೆಯಲು ಸಿದ್ಧವಾದ ಪದರವನ್ನಲ್ಲ.

ಮೂಡಿಗೆರೆಯ ಬೆಳೆಗಾರ

ಉಪನ್ಯಾಸಕರೇ, ಹಾಗಾದರೆ ತಂದೆಯವರ ವರದಿಯಲ್ಲಿ ಒಂದು ಕಡೆ ಎಂಬತ್ತು, ಇನ್ನೊಂದು ಕಡೆ ಅರವತ್ತು ಶೇಕಡ ಎಂದು ಬರೆದದ್ದಕ್ಕೆ ಅರ್ಥವೇನು? ಆ ಅಂಕಿಯನ್ನು ನೋಡಿಯೇ ನಾವು ಸ್ಟೆಂಟ್‌ಗೆ ಒಪ್ಪಿದ್ದು.

ಕ್ಯಾಥ್‌ಲ್ಯಾಬ್ ತಂತ್ರಜ್ಞ, ಹಾಸನ

ಸರ್, ಆ ಅಂಕಿ ಹೆಚ್ಚಿನ ಕಡೆ ಅನುಭವಸ್ಥ ವೈದ್ಯರು ಕಣ್ಣಳತೆಯಲ್ಲಿ ಹೇಳುವಂಥದ್ದು, ಅದೂ ವ್ಯಾಸದ ಲೆಕ್ಕ. ಎಪ್ಪತ್ತರ ಮೇಲಿದ್ದರೆ, ಎಡಗಡೆಯ ಮುಖ್ಯ ನಾಳದಲ್ಲಾದರೆ ಐವತ್ತರ ಮೇಲಿದ್ದರೆ ಗಂಭೀರವೆಂದು ಪರಿಗಣಿಸುತ್ತಾರೆ. ಎಂಬತ್ತರ ಬಗ್ಗೆ ಅನುಮಾನ ಕಡಿಮೆ. ಕಷ್ಟವಿರುವುದು ನಲವತ್ತರಿಂದ ಎಪ್ಪತ್ತರ ನಡುವಿನವುಗಳಲ್ಲಿ, ಏಕೆಂದರೆ ನೋಡಲು ಒಂದೇ ತೆರನಾದ ಎರಡು ಅಡಚಣೆಗಳಲ್ಲಿ ಒಂದು ಹರಿವನ್ನು ತಡೆಯುತ್ತಿರುತ್ತದೆ, ಇನ್ನೊಂದು ತಡೆಯುತ್ತಿರುವುದಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಾಗ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ನಿಮಗೆ ಇದು ಬೇಗ ತಿಳಿಯುತ್ತದೆ: ಪೈಪನ್ನು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಜೆಟ್ಟಿನ ಹತ್ತಿರ ಒತ್ತಡ ಎಷ್ಟಿದೆ ಎಂದು ಅಳೆಯಬೇಕು. ಹಾಗೆಯೇ ತುದಿಯಲ್ಲಿ ಒತ್ತಡ ಅಳೆಯುವ ಕೂದಲೆಳೆಯಂಥ ತಂತಿಯನ್ನು ಅಡಚಣೆಯ ಆಚೆಗೆ ದಾಟಿಸಿ, ಔಷಧದಿಂದ ಹರಿವನ್ನು ಗರಿಷ್ಠಕ್ಕೇರಿಸಿ, ಆಚೆಯ ಒತ್ತಡವನ್ನು ಮಹಾಪಧಮನಿಯ ಒತ್ತಡದಿಂದ ಭಾಗಿಸುತ್ತಾರೆ. ಇದಕ್ಕೆ ಎಫ್‌ಎಫ್‌ಆರ್ ಎನ್ನುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡಚಣೆ ಹರಿವಿಗೆ ತೊಂದರೆ ಮಾಡುತ್ತಿದೆ ಎಂದರ್ಥ. 2009ರಲ್ಲಿ ಪ್ರಕಟವಾದ ಫೇಮ್ ಎಂಬ ಅಧ್ಯಯನದಲ್ಲಿ, ಹೀಗೆ ಅಳೆದು ಸ್ಟೆಂಟ್ ಹಾಕಿದವರಿಗೆ, ಚಿತ್ರವನ್ನು ಮಾತ್ರ ನೋಡಿ ಹಾಕಿದವರಿಗಿಂತ ಕಡಿಮೆ ಸ್ಟೆಂಟ್‌ಗಳು ಸಾಕಾದವು ಮತ್ತು ಒಂದು ವರ್ಷದಲ್ಲಿ ತೊಂದರೆಗಳೂ ಕಡಿಮೆ ಬಂದವು.

ನಿಮ್ಮ ತಂದೆಯವರಿಗೆ ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ನನಗಿಲ್ಲ, ಅವರ ನೋವಿನ ಸ್ವರೂಪ ವೈದ್ಯರಿಗೇ ಗೊತ್ತು. ಆದರೆ ಇನ್ನು ಮುಂದೆ ಯಾರೇ ಹೋದರೂ, ಟೇಬಲ್ ಹತ್ತುವ ಮೊದಲೇ ಮನೆಯವರು ಕೇಳಬೇಕಾದ ಪ್ರಶ್ನೆಯೊಂದಿದೆ: ನಡುವಿನ ಪ್ರಮಾಣದ ಅಡಚಣೆ ಕಂಡರೆ ಒತ್ತಡ ಅಳೆಯುತ್ತೀರಾ, ಅಥವಾ ಹೊರಗೆ ಬಂದು ನಮ್ಮೊಡನೆ ಮಾತನಾಡಿ ನಿರ್ಧರಿಸುತ್ತೀರಾ? ಮಗ್ಗುಲ ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ಸಹಿ ಹಾಕುವ ಹೊತ್ತಿನಲ್ಲಿ ಯಾರಿಗೂ ಯೋಚಿಸಲು ಆಗುವುದಿಲ್ಲ. ಅಂಥ ಸಹಿಗಳನ್ನು ನಾನು ಬಹಳ ನೋಡಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗುತ್ತದೆ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನವು 5,179 ಸ್ಥಿರ ರೋಗಿಗಳನ್ನು ಗಮನಿಸಿ, ಒಳ್ಳೆಯ ಔಷಧ ಚಿಕಿತ್ಸೆಯ ಜೊತೆಗೆ ಆರಂಭದಲ್ಲಿಯೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೆ ಸಾವು ಮತ್ತು ಹೃದಯಾಘಾತ ಒಟ್ಟಾರೆ ಕಡಿಮೆಯಾಗಲಿಲ್ಲ ಎಂದು ತೋರಿಸಿತು; ಎದೆನೋವಿನ ಉಪಶಮನ ಮಾತ್ರ ಚೆನ್ನಾಗಿತ್ತು. ಎಡಗಡೆಯ ಮುಖ್ಯ ನಾಳದಲ್ಲಿ ಅಡಚಣೆ ಇದ್ದವರನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು, ಬಹುಪಾಲು ಜನರಲ್ಲಿ ಅದನ್ನು ಖಚಿತಪಡಿಸಿಕೊಂಡದ್ದೂ ಸಿಟಿ ಆಂಜಿಯೋಗ್ರಾಂ ಮೂಲಕವೇ.

ಅರಸೀಕೆರೆಯ ಓದುಗ

ನಮ್ಮ ಊರಿನ ಸಮುದಾಯ ಭವನದಲ್ಲಿ ನಡೆದ ಶಿಬಿರದಲ್ಲಿ ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ‘ಹೃದಯದ ರಕ್ತನಾಳಗಳ ಸ್ಥಿತಿ’ ಎಂದು ಬಣ್ಣದ ಹಾಳೆ ಕೊಟ್ಟರು. ಅದರಲ್ಲಿ ಶೇಕಡಾವಾರು ಅಡಚಣೆಯನ್ನೂ ನಮೂದಿಸಿದ್ದಾರೆ. ಸಿಟಿಗೆ ಬದಲಾಗಿ ಇದನ್ನು ನಂಬಬಹುದೇ? ಇನ್ನು ತಮ್ಮನ ವಿಷಯದಲ್ಲಿ, ಕ್ಯಾಲ್ಸಿಯಂ ಸ್ಕೋರ್ ಎಂಬ ಚಿಕ್ಕ ಸ್ಕ್ಯಾನ್ ಮಾಡಿಸಿ ಸೊನ್ನೆ ಬಂದರೆ ನಿಶ್ಚಿಂತೆಯಿಂದ ಇರಬಹುದೆಂದು ಕೇಳಿದ್ದೇನೆ.

ಸಿಟಿ ವಿಭಾಗದ ತಂತ್ರಜ್ಞೆ, ಹಾಸನ

ಬೆರಳಿನ ಕ್ಲಿಪ್ಪಿನಿಂದ ಕೊರೊನರಿ ನಾಳದ ಚಿತ್ರ ಬರುವುದಿಲ್ಲ. ದಯವಿಟ್ಟು ಆ ಹಾಳೆಯನ್ನು ಆಧಾರವಾಗಿಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ, ಒಳ್ಳೆಯದಾಗಿ ಬಂದಿದ್ದರೂ ಸಹ.

ಕ್ಯಾಲ್ಸಿಯಂ ಸ್ಕೋರ್ ನಿಜವಾದ ಪರೀಕ್ಷೆ. ಡೈ ಇಲ್ಲದೆ, ಸುಮಾರು ಒಂದು ಮಿಲಿಸೀವರ್ಟ್‌ನಷ್ಟು ವಿಕಿರಣದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಜಗತ್ತಿನಲ್ಲಿ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ ಎಂಬುದಕ್ಕೆ ಹೋಲಿಸಿದರೆ ಇದು ಹೆಚ್ಚಲ್ಲ. ಡೈ ಬಿಟ್ಟು ಮಾಡುವ ಸಿಟಿ ಆಂಜಿಯೋಗ್ರಾಂನಲ್ಲಿ ಯಂತ್ರ ಮತ್ತು ಬಡಿತವನ್ನು ಅನುಸರಿಸಿ ಇದರ ಕೆಲವು ಪಟ್ಟು ಆಗುತ್ತದೆ. ಅಮೆರಿಕದ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು 1990ರಲ್ಲಿ ಈ ಸ್ಕೋರಿನ ಲೆಕ್ಕವನ್ನು ರೂಪಿಸಿದರು. ನೂರು ದಾಟಿದರೆ ಎಚ್ಚರ ಹೆಚ್ಚಬೇಕು, ನಾನ್ನೂರು ದಾಟಿದರೆ ಗೋಡೆಗಳಲ್ಲಿ ರೋಗ ಸಾಕಷ್ಟು ಹರಡಿದೆ ಎಂದರ್ಥ. ಮಧ್ಯವಯಸ್ಸು ದಾಟಿದ, ಲಕ್ಷಣಗಳಿಲ್ಲದ, ಕೊಲೆಸ್ಟರಾಲ್ ಮಾತ್ರೆ ಆರಂಭಿಸಬೇಕೋ ಬೇಡವೋ ಎಂಬ ಗೊಂದಲದಲ್ಲಿರುವ ವ್ಯಕ್ತಿಗೆ ಇದು ಬಹಳ ಸಹಾಯ ಮಾಡುತ್ತದೆ. ಆದರೆ ಸುಣ್ಣ ಕೂಡುವುದು ರೋಗ ಹಳತಾದ ಮೇಲೆ. ನಲವತ್ತರ ಒಳಗಿನವರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಇರುವ ಪದರ ಮೃದುವಾಗಿಯೇ ಇರಬಹುದು, ಸ್ಕೋರ್ ಸೊನ್ನೆಯೇ ಬರಬಹುದು. ಶಿಕ್ಷಕಿಯವರ ತಮ್ಮ ಆ ಸೊನ್ನೆಯನ್ನು ಹಿಡಿದುಕೊಂಡು ಸಿಗರೇಟು ಮುಂದುವರಿಸಿದರೆ, ಆ ಸ್ಕ್ಯಾನ್ ಅವರಿಗೆ ಒಳ್ಳೆಯದು ಮಾಡಲಿಲ್ಲವೆಂದೇ ಹೇಳಬೇಕು.

ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು

ತಮ್ಮನ ವಿಷಯದಲ್ಲಿ ನಾನು ಇನ್ನೂ ಒತ್ತಿ ಹೇಳುತ್ತೇನೆ. ಲಕ್ಷಣಗಳಿಲ್ಲದ ತರುಣನಿಗೆ ಸಿಟಿ ಆಂಜಿಯೋಗ್ರಾಂ ಮೊದಲ ಹೆಜ್ಜೆಯಲ್ಲ. ಸಿಗರೇಟನ್ನು ಬಿಡುವುದು, ರಕ್ತದೊತ್ತಡ ನೋಡಿಸುವುದು, ಉಪವಾಸದ ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸುವುದು, ತಂದೆ ಅಥವಾ ಸೋದರರಿಗೆ ಐವತ್ತೈದರೊಳಗೆ ಹೃದಯಾಘಾತ ಆಗಿತ್ತೇ ಎಂದು ವೈದ್ಯರಿಗೆ ತಿಳಿಸುವುದು, ಇವು ಮೊದಲು. ರಕ್ತದಲ್ಲಿರುವ ಲಿಪೊಪ್ರೋಟೀನ್ ಎ ಎಂಬ ಕೊಬ್ಬಿನ ಅಂಶವನ್ನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಿಸುವುದು ಒಳ್ಳೆಯದೆಂದು ಈಗ ತಜ್ಞರು ಸಲಹೆ ಕೊಡುತ್ತಾರೆ. ಅದು ಹುಟ್ಟಿನಿಂದಲೇ ನಿಗದಿಯಾಗಿ ಬರುವಂಥದ್ದು.

ಲಕ್ಷಣವಿರುವವರಿಗೆ ಚಿತ್ರದಿಂದ ಲಾಭವಾಗುವುದು ಹೇಗೆ ಎಂಬುದಕ್ಕೂ ಒಂದು ಒಳ್ಳೆಯ ಸಾಕ್ಷ್ಯವಿದೆ. ಸ್ಕಾಟ್‌ಲ್ಯಾಂಡಿನಲ್ಲಿ ಎದೆನೋವಿನ 4,146 ಜನರ ಮೇಲೆ ನಡೆದ ಸ್ಕಾಟ್‌ಹಾರ್ಟ್ ಅಧ್ಯಯನದ ಐದು ವರ್ಷಗಳ ಫಲಿತಾಂಶ 2018ರಲ್ಲಿ ಬಂತು. ಮಾಮೂಲಿ ತಪಾಸಣೆಯ ಜೊತೆಗೆ ಸಿಟಿ ಆಂಜಿಯೋಗ್ರಾಂ ಮಾಡಿಸಿಕೊಂಡವರಲ್ಲಿ ಕೊರೊನರಿ ರೋಗದ ಸಾವು ಅಥವಾ ಹೃದಯಾಘಾತ ಶೇಕಡ 2.3, ಮಾಡಿಸಿಕೊಳ್ಳದವರಲ್ಲಿ ಶೇಕಡ 3.9. ನಾನು ಇದನ್ನು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ ಅಂಶ ಬೇರೆ: ಐದು ವರ್ಷ ಮುಗಿಯುವ ಹೊತ್ತಿಗೆ ಎರಡೂ ಗುಂಪಿನಲ್ಲಿ ಕ್ಯಾಥೆಟರ್ ಆಂಜಿಯೋಗ್ರಾಂ ಮತ್ತು ಸ್ಟೆಂಟ್‌ಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯತ್ಯಾಸವಿದ್ದದ್ದು ಮಾತ್ರೆಗಳಲ್ಲಿ. ಗೋಡೆಯ ರೋಗವನ್ನು ಕಣ್ಣಾರೆ ಕಂಡ ಮೇಲೆ ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮುಂತಾದ ಔಷಧಗಳನ್ನು ಸರಿಯಾದವರಿಗೆ ಬರೆದರು, ರೋಗಿಗಳೂ ತೆಗೆದುಕೊಂಡರು. ನಮ್ಮಲ್ಲಿ ಸ್ಕ್ಯಾನ್‌ಗೆ ಸಾವಿರಗಟ್ಟಲೆ ಖರ್ಚು ಮಾಡಿ, ‘ಬ್ಲಾಕ್ ಮೂವತ್ತೇ ಶೇಕಡ ಅಂತೆ, ಸ್ಟೆಂಟ್ ಬೇಡವಂತೆ’ ಎಂದು ಸಂತೋಷಪಟ್ಟು, ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ಎರಡು ತಿಂಗಳಿಗೆ ನಿಲ್ಲಿಸುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಮೂವತ್ತು ಶೇಕಡವೇ ನಾಳೆ ಒಡೆಯಬಹುದಾದ ಪದರ.

ಆರೋಗ್ಯ ಕಾರ್ಯಕರ್ತೆ, ಹೊಳೆನರಸೀಪುರ

ಚರ್ಚೆ ಬಹಳ ಚೆನ್ನಾಗಿದೆ, ಆದರೆ ಒಂದು ಮಾತು ಸೇರಿಸದಿದ್ದರೆ ಓದಿದವರು ದಾರಿ ತಪ್ಪಬಹುದೆಂಬ ಅಂಜಿಕೆ ನನಗಿದೆ. ಈಗಲೇ ನೋವು ಬರುತ್ತಿರುವವರಿಗೆ ಯಾವ ಸ್ಕ್ಯಾನೂ ಮೊದಲಲ್ಲ. ಎದೆಯ ನಡುವೆ ಒತ್ತಿದಂತಾಗಿ, ಎಡತೋಳಿಗೋ ದವಡೆಗೋ ಹರಡಿ, ಬೆವರು ಬಂದು ಹದಿನೈದು ಇಪ್ಪತ್ತು ನಿಮಿಷ ಇಳಿಯದಿದ್ದರೆ ಅದು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬಾರದು. ಸಕ್ಕರೆ ಕಾಯಿಲೆಯವರಿಗೆ ಮತ್ತು ವಯಸ್ಸಾದ ಹೆಂಗಸರಿಗೆ ನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆ, ಏದುಸಿರು ಕೂಡ ಬರಬಹುದು. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ಮಾಡಿಸಬೇಕು. ಮೊದಲ ಇಸಿಜಿ ಚೆನ್ನಾಗಿದ್ದರೂ ನೋವು ಮುಂದುವರಿದರೆ ಮತ್ತೆ ಮಾಡಿಸಬೇಕು.

ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಾಳ ಪೂರ್ತಿ ಮುಚ್ಚಿದ ಹೃದಯಾಘಾತದಲ್ಲಿ ರೋಗನಿರ್ಣಯವಾದ ಎರಡು ಗಂಟೆಯೊಳಗೆ ಸ್ಟೆಂಟ್ ಹಾಕಲು ಸಾಧ್ಯವಿದ್ದರೆ ಅದೇ ಉತ್ತಮ, ಇಲ್ಲದಿದ್ದರೆ ಮೊದಲು ಚುಚ್ಚುಮದ್ದು, ಅನಂತರ ಒಂದು ದಿನದೊಳಗೆ ಆಂಜಿಯೋಗ್ರಾಂ ಎಂಬುದು ಈಗಿನ ಪದ್ಧತಿ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಸಕಲೇಶಪುರದ ಆಚೆಯ ಎಸ್ಟೇಟಿನಿಂದಲೋ ಕೊಟ್ಟಿಗೆಹಾರದ ಕಡೆಯಿಂದಲೋ ಹೊರಟವರು ಮಳೆಗಾಲದ ರಸ್ತೆಯಲ್ಲಿ ಜಯದೇವ ಆಸ್ಪತ್ರೆಯೇ ಬೇಕೆಂದು ನೇರವಾಗಿ ಕಾರು ಓಡಿಸಿದರೆ, ದಾರಿಯಲ್ಲಿ ಕಳೆದ ಪ್ರತಿ ಅರ್ಧ ಗಂಟೆಯಲ್ಲಿಯೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ದಯವಿಟ್ಟು ಹತ್ತಿರದಲ್ಲಿ ಇಸಿಜಿ ಮಾಡಿಸಿ, 108 ವಾಹನದಲ್ಲಿ ಮುಂದಕ್ಕೆ ಹೋಗಿ.

ಆಲೂರಿನ ಶಿಕ್ಷಕಿ

ಇಷ್ಟೊಂದು ಶ್ರದ್ಧೆಯಿಂದ ಬರೆದ ಎಲ್ಲರಿಗೂ ನನ್ನ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಬರೆದುಕೊಂಡು ಹೋಗಿ ಹಾಸನದ ಹೃದ್ರೋಗ ತಜ್ಞರನ್ನು ಮತ್ತೆ ಕಂಡೆವು. ಅತ್ತೆಯವರ ನೋವು ಸ್ಥಿರವಾಗಿದೆ, ಹೆಚ್ಚುತ್ತಿಲ್ಲ, ಟಿಎಂಟಿಯ ವ್ಯತ್ಯಾಸವೂ ಕೊನೆಯ ಹಂತದಲ್ಲಿ ಮಾತ್ರ ಬಂದದ್ದು. ಆದ್ದರಿಂದ ಮೊದಲು ಸಿಟಿ ಆಂಜಿಯೋಗ್ರಾಂ ಆಗಲಿ ಎಂದರು. ಸುಣ್ಣದ ವಿಷಯ ಕೇಳಿದೆ. ಡೈ ಇಲ್ಲದ ಸ್ಕ್ಯಾನ್ ಮೊದಲು ತೆಗೆದು ನೋಡುತ್ತಾರಂತೆ, ಕ್ಯಾಲ್ಸಿಯಂ ಅತಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಮುಂದಿನದನ್ನು ಯೋಚಿಸುತ್ತಾರಂತೆ. ಆಸ್ಪಿರಿನ್ ಮತ್ತು ಸ್ಟ್ಯಾಟಿನ್ ಅಂದೇ ಆರಂಭಿಸಿದರು, ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಲು ಹೇಳಿದರು. ತಮ್ಮನಿಗೆ ರಕ್ತ ಪರೀಕ್ಷೆಗಳನ್ನು ಮಾತ್ರ ಬರೆದುಕೊಟ್ಟಿದ್ದಾರೆ, ಸಿಗರೇಟು ಬಿಡಿಸುವ ಆಪ್ತಸಲಹೆಗೂ ಕಳುಹಿಸಿದ್ದಾರೆ. ಸ್ಕ್ಯಾನ್ ಇಲ್ಲವೆಂದು ಅವನಿಗೆ ಮೊದಲು ಬೇಸರವಾಯಿತು, ಉಪನ್ಯಾಸಕರು ಬರೆದದ್ದನ್ನು ಓದಿಸಿದ ಮೇಲೆ ಒಪ್ಪಿದ್ದಾನೆ.

ಕೊನೆಯದಾಗಿ ಒಂದೆರಡು ಸಂದೇಹ. ಅತ್ತೆಯವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಲೋಟದಲ್ಲಿ ಫಿಲ್ಟರ್ ಕಾಫಿ ಆಗಲೇಬೇಕು. ಪರೀಕ್ಷೆಯ ದಿನ ಏನು ಮಾಡಬೇಕು, ಮತ್ತು ಮುಂದೆ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಇದನ್ನೆಲ್ಲ ಮತ್ತೆ ಮಾಡಿಸಬೇಕಾಗುತ್ತದೆಯೇ?

ಸಿಟಿ ವಿಭಾಗದ ತಂತ್ರಜ್ಞೆ, ಹಾಸನ

ಮೇಡಂ, ಕಾಫಿ, ಟೀ ಎರಡನ್ನೂ ಹಿಂದಿನ ರಾತ್ರಿಯಿಂದಲೇ ನಿಲ್ಲಿಸಿ, ಅವು ಬಡಿತವನ್ನು ಏರಿಸುತ್ತವೆ. ನೀರನ್ನು ಮಾತ್ರ ಚೆನ್ನಾಗಿ ಕುಡಿಸಿ. ಪರೀಕ್ಷೆಗೆ ಮುಂಚೆ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ಈಚಿನ ವರದಿ ಬೇಕೇ ಬೇಕು, ಏಕೆಂದರೆ ಡೈ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಚೆನ್ನಾಗಿದ್ದರೆ ಮೆಟ್‌ಫಾರ್ಮಿನ್ ಬಗ್ಗೆ ಹೆಚ್ಚು ಚಿಂತೆಯಿಲ್ಲ. ಅದು ದುರ್ಬಲವಾಗಿದ್ದರೆ ಅಂದಿನಿಂದ ಎರಡು ದಿನ ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೊಮ್ಮೆ ನೋಡಿ ಆರಂಭಿಸಲು ವೈದ್ಯರು ಹೇಳುತ್ತಾರೆ. ಹಿಂದೆ ಯಾವುದಾದರೂ ಸ್ಕ್ಯಾನಿನಲ್ಲಿ ಡೈ ಕೊಟ್ಟಾಗ ಮೈಮೇಲೆ ದದ್ದು ಎದ್ದಿದ್ದರೆ ಅಥವಾ ಉಸಿರು ಕಟ್ಟಿದ್ದರೆ ಕ್ಯಾನುಲಾ ಹಾಕುವ ಮೊದಲೇ ತಿಳಿಸಿ.

ವರದಿಯ ಹಾಳೆಯ ಜೊತೆಗೆ ಪೂರ್ತಿ ಚಿತ್ರಗಳಿರುವ ಸಿಡಿಯನ್ನು ಕೇಳಿ ಪಡೆದುಕೊಳ್ಳಿ. ಹಾಳೆಯ ಮೇಲೆ ಅಚ್ಚಾದ ನಾಲ್ಕು ಬಣ್ಣದ ಚಿತ್ರಗಳಿಂದ ಇನ್ನೊಬ್ಬ ವೈದ್ಯರಿಗೆ ಏನೂ ಪ್ರಯೋಜನವಿಲ್ಲ. ಸಿಡಿಯಲ್ಲಿ ಮೂಲ ದತ್ತಾಂಶವಿದ್ದರೆ ಬೆಂಗಳೂರಿನವರಾಗಲಿ ಮಂಗಳೂರಿನವರಾಗಲಿ ತಮ್ಮ ಕಂಪ್ಯೂಟರಿನಲ್ಲಿ ನಾಳವನ್ನು ತಿರುಗಿಸಿ ನೋಡಬಲ್ಲರು, ಸ್ಕ್ಯಾನ್ ಮತ್ತೆ ಮಾಡಿಸುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ವರದಿಯ ಕೊನೆಯಲ್ಲಿ ಕ್ಯಾಡ್‌ರ‍್ಯಾಡ್ಸ್ ಎಂದು ಸೊನ್ನೆಯಿಂದ ಐದರವರೆಗೆ ಒಂದು ಅಂಕಿ ಇರಬಹುದು. ಸೊನ್ನೆ ಎಂದರೆ ಗೋಡೆಯಲ್ಲಿ ಏನೂ ಇಲ್ಲ, ಒಂದು ಮತ್ತು ಎರಡು ಎಂದರೆ ಐವತ್ತಕ್ಕಿಂತ ಕಡಿಮೆ ಅಡಚಣೆ, ಮೂರು ಎಂದರೆ ಐವತ್ತರಿಂದ ಎಪ್ಪತ್ತರೊಳಗೆ, ನಾಲ್ಕು ಎಂದರೆ ಗಂಭೀರ, ಐದು ಎಂದರೆ ಪೂರ್ತಿ ಮುಚ್ಚಿದೆ. ಒಂದೋ ಎರಡೋ ಬಂದರೂ ಮಾತ್ರೆಗಳು ಮುಂದುವರಿಯಬೇಕೇ ಎಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಕ್ಯಾಥ್‌ಲ್ಯಾಬ್ ತಂತ್ರಜ್ಞ, ಹಾಸನ

ಇದಕ್ಕೆ ನನ್ನದೊಂದು ಸೇರ್ಪಡೆ. ಮುಂದೆ ದಾಖಲಾಗಬೇಕಾದ ಸಂದರ್ಭ ಬಂದರೆ ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಒಂದು ಭಾಗ ಸಿಗುತ್ತದೆ. ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ಅನ್ವಯಿಸುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಅಲ್ಲಿಯ ಆರೋಗ್ಯಮಿತ್ರರನ್ನು ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಕೆಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಬೇಕಾಗುತ್ತದೆ. ಬೆಳೆಗಾರರು ತಂದೆಯವರ ಹಳೆಯ ಆಂಜಿಯೋಗ್ರಾಂ ಸಿಡಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ, ಮುಂದಿನ ತಪಾಸಣೆಗೆ ಹೋಗುವಾಗ ಅದನ್ನೂ, ಸ್ಟೆಂಟಿನ ಅಳತೆ ಬರೆದ ಚೀಟಿಯನ್ನೂ ತಪ್ಪದೆ ಒಯ್ಯಲಿ.